ಪುಟ್ಟ ಸ್ಟೀಮ್ ಎಂಜಿನ್ ಮಾಡೋಕೆ ಕ್ಯಾಡ್ (ಕಂಪ್ಯೂಟರಲ್ಲಿ ನಕ್ಷೆ ಬರೆಯೋ ತಂತ್ರಾಂಶ) ಬೇಕೇ ಬೇಕಾ?

ಬೇಕೇ ಬೇಕು ಅಂತೇನಿಲ್ಲ, ಕಾಗದದ ಮೇಲೆ ಬರೆದೂ ಮಾಡಬಹುದು. ಆದರೆ ಉಚಿತವಾಗಿ ಸಿಗುವ ಫ್ರೀಕ್ಯಾಡ್ ಇರುವಾಗ ಸುಮ್ನೆ ಯಾಕೆ ಒದ್ದಾಡಬೇಕು? ಮೊದಲ ಎಂಜಿನ್‌ಗೆ ಸಿಲಿಂಡರೇ ಅತ್ತಿತ್ತ ತೂಗಾಡುವ ಮಾದರಿ ಹಿಡಿಯಿರಿ. ಅದಕ್ಕೆ ಬೇರೆ ವಾಲ್ವ್ ಬೇಡ, ಸಿಲಿಂಡರ್ ತೂಗಾಡುವಾಗ ಅದರ ತೂತೇ ಹಬೆಯ ದಾರಿಯನ್ನು ತೆರೆದು ಮುಚ್ಚುತ್ತದೆ.

ಇದರಲ್ಲಿ ಕೈಕೊಡುವುದು ಹಬೆಯ ತೂತುಗಳ ಜಾಗ. ಕ್ರ್ಯಾಂಕ್ ಪಿನ್ (ಪಿಸ್ಟನ್ ರಾಡ್ ಸೇರುವ ಪಿನ್) ತಿರುಗುವ ಶಾಫ್ಟ್‌ನ ನಡುವಿನಿಂದ 10 ಮಿ.ಮೀ., ಸಿಲಿಂಡರ್ ತೂಗುವ ಪಿವಟ್ 50 ಮಿ.ಮೀ. ದೂರ ಇದೆ ಅಂದುಕೊಳ್ಳಿ. ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 20 ಮಿ.ಮೀ. ಸಿಲಿಂಡರ್‌ನ ತೂತು ಪಿವಟ್‌ನಿಂದ 20 ಮಿ.ಮೀ. ದೂರದಲ್ಲಿದ್ದರೆ ಎರಡೂ ಕಡೆಗೆ 4 ಮಿ.ಮೀ. ಸರಿಯುತ್ತದೆ. ಅಂದರೆ ಸಿಲಿಂಡರ್ ಒರಗಿರುವ, ಅಲುಗಾಡದ ಫಲಕದಲ್ಲಿ ಹಬೆ ಒಳಬರುವ ಮತ್ತು ಹೊರಹೋಗುವ ತೂತುಗಳ ಅಂತರ 8 ಮಿ.ಮೀ. ಮೂರೂ ತೂತುಗಳ ವ್ಯಾಸ 4 ಮಿ.ಮೀ.ಗಿಂತ ಕಡಿಮೆ ಇರಲಿ. ಜಾಸ್ತಿಯಾದರೆ ಸಿಲಿಂಡರ್ ನಡುವಿಗೆ ಬಂದಾಗ ಹಬೆ ನೇರವಾಗಿ ಆಚೆ ಹೋಗುತ್ತದೆ. ಈ ಅಳತೆಗಳನ್ನೆಲ್ಲ ಫ್ರೀಕ್ಯಾಡ್‌ನ ಸ್ಪ್ರೆಡ್‌ಶೀಟ್‌ನಲ್ಲಿ ಸೂತ್ರ ಹಾಕಿ ಜೋಡಿಸಿಟ್ಟರೆ, ಒಂದನ್ನು ಬದಲಿಸಿದಾಗ ಉಳಿದವೂ ತಾವೇ ಬದಲಾಗುತ್ತವೆ.

ಪರದೆಯ ಮೇಲೆ 12 ಮಿ.ಮೀ. ಬೋರ್‌ನಲ್ಲಿ (ಸಿಲಿಂಡರ್‌ನ ಒಳತೂತಿನಲ್ಲಿ) 12 ಮಿ.ಮೀ. ಪಿಸ್ಟನ್ ಸಲೀಸಾಗಿ ಓಡುತ್ತದೆ, ಲೋಹದಲ್ಲಿ ಓಡಲ್ಲ! ಮೊದಲು ಬೋರ್ ರೀಮ್ ಮಾಡಿ (ರೀಮರ್‌ನಿಂದ ಕೊರೆದು ನಯವಾಗಿ ನಿಖರ ಅಳತೆಗೆ ತನ್ನಿ), ಆಮೇಲೆ ಅದಕ್ಕೆ ಹೊಂದುವ ಹಾಗೆ ಪಿಸ್ಟನ್ನನ್ನು ಲೇಥ್‌ನಲ್ಲಿ ಟರ್ನ್ ಮಾಡಿ. ಮೊದಲ ಪರೀಕ್ಷೆಗೆ ಬಾಯ್ಲರ್ ಬೇಡ, ಕಂಪ್ರೆಸರ್ ಗಾಳಿ ಸಾಕು.