ಸಿಂಬಳ ಹಸಿರಾದರೆ ಬ್ಯಾಕ್ಟೀರಿಯಾ ಅಂತಾನಾ?

ಪ್ರಶ್ನೆ: ನೆಗಡಿ ಶುರುವಾಗಿ ಐದು ದಿನ ಆಯಿತು. ಮೊದಲು ನೀರಿನಂತೆ ಸುರಿಯುತ್ತಿದ್ದ ಮೂಗು ಈಗ ಕಟ್ಟಿದೆ, ಸಿಂಬಳ ಹಸಿರಾಗಿದೆ. ಇದು ಬ್ಯಾಕ್ಟೀರಿಯಾ ಸೋಂಕು ಅಂತ ಗೆಳೆಯರು ಹೇಳುತ್ತಾರೆ. ಹಿಂದೊಮ್ಮೆ ಡಾಕ್ಟರು ಕೊಟ್ಟಿದ್ದ ಆಂಟಿಬಯಾಟಿಕ್ ಮಾತ್ರೆ ನಾಲ್ಕು ಉಳಿದಿವೆ. ತೆಗೆದುಕೊಳ್ಳಬಹುದಾ?

ಉತ್ತರ: ಬೇಡ. ಆ ನಾಲ್ಕು ಮಾತ್ರೆ ಯಾಕೆ ಉಳಿದವು ಅಂತಲೂ ಕೇಳಬೇಕು ಅನ್ನಿಸುತ್ತಿದೆ, ಇರಲಿ.

ಹಸಿರು ಬಣ್ಣ ಬರುವುದು ನಮ್ಮದೇ ಬಿಳಿ ರಕ್ತಕಣಗಳಿಂದ. ಸೋಂಕಿನ ಜಾಗಕ್ಕೆ ಅವು ಗುಂಪಾಗಿ ಬರುತ್ತವೆ. ಅವುಗಳೊಳಗೆ ಹಸಿರು ಬಣ್ಣದ ಒಂದು ಕಿಣ್ವ ಇದೆ. ಕಣಗಳು ಸತ್ತು ಸಿಂಬಳಕ್ಕೆ ಸೇರಿದಾಗ ಅದರ ಬಣ್ಣವೂ ಸೇರುತ್ತದೆ. ವೈರಸ್ ಬಂದರೂ ಇಷ್ಟೇ, ಬ್ಯಾಕ್ಟೀರಿಯಾ ಬಂದರೂ ಇಷ್ಟೇ. ಹಾಗಾಗಿ ಬಣ್ಣ ನೋಡಿ ತೀರ್ಮಾನ ಮಾಡಲು ಆಗುವುದಿಲ್ಲ.

ಆದರೆ ಔಷಧಿ ಮಾತ್ರ ಬೇರೆ ಬೇರೆ. ಬ್ಯಾಕ್ಟೀರಿಯಾ ಒಂದೇ ಕೋಶದ ಪೂರ್ತಿ ಜೀವಿ. ಅದಕ್ಕೆ ತನ್ನದೇ ಗೋಡೆ ಇದೆ, ಪ್ರೋಟೀನ್ ತಯಾರಿಸುವ ವ್ಯವಸ್ಥೆಯೂ ತನ್ನದೇ. ಪೆನಿಸಿಲಿನ್ ಅನ್ನುವ ಆಂಟಿಬಯಾಟಿಕ್ ಆ ಗೋಡೆ ಕಟ್ಟುವ ಕೆಲಸವನ್ನೇ ಕೆಡಿಸುತ್ತದೆ. ವೈರಸ್‌ಗೆ ಇದ್ಯಾವುದೂ ಇಲ್ಲ. ಅದು ನಮ್ಮ ಕೋಶದೊಳಗೆ ನುಗ್ಗಿ, ನಮ್ಮ ಸಾಮಾನಿನಲ್ಲೇ ತನ್ನ ಸಂತಾನ ಬೆಳೆಸುತ್ತದೆ. ಗೋಡೆಯೇ ಇಲ್ಲದ ಮನೆಗೆ ಕನ್ನ ಹಾಕುವುದು ಹೇಗೆ? ಹುಳುಕಡ್ಡಿ ತರುವ ಫಂಗಸ್, ಮಲೇರಿಯಾ ತರುವ ಪರಾವಲಂಬಿ ಇವೆರಡರ ಔಷಧಿಯೂ ಬೇರೆಯೇ. ಸುಮ್ನೆ ಆಂಟಿಬಯಾಟಿಕ್ ನುಂಗಿದರೆ ಹೊಟ್ಟೆಯಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಭೇದಿ ಶುರುವಾಗಬಹುದು. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಉಳಿದು ಬೆಳೆಯುತ್ತವೆ. ನೆಗಡಿ ಮಾತ್ರ ಇದ್ದ ಹಾಗೇ ಇರುತ್ತದೆ.

ಹಾಗಾದರೆ ಗೊತ್ತಾಗುವುದು ಹೇಗೆ? ದಿನ ಎಣಿಸಿ. ಸಾಮಾನ್ಯ ನೆಗಡಿ ಎರಡು ಮೂರನೇ ದಿನ ಜೋರಾಗಿ, 7ರಿಂದ 10 ದಿನದಲ್ಲಿ ಇಳಿಯುತ್ತದೆ. ಕೆಮ್ಮು ಮೂರು ವಾರ ಎಳೆದರೂ ಆಶ್ಚರ್ಯವಿಲ್ಲ. 10 ದಿನ ದಾಟಿದರೂ ಸ್ವಲ್ಪವೂ ಇಳಿಯದಿದ್ದರೆ ಬ್ಯಾಕ್ಟೀರಿಯಾದ ಅನುಮಾನ ಬರುತ್ತದೆ. ಇನ್ನೇನು ಹುಷಾರಾದೆ ಅನ್ನುವಾಗ ಮತ್ತೆ ಜ್ವರ ಏರಿದರೆ ಅನುಮಾನ ಇನ್ನೂ ಜಾಸ್ತಿ. ವೈರಸ್ ದಾರಿ ಮಾಡಿಕೊಟ್ಟ ಮೇಲೆ ಬ್ಯಾಕ್ಟೀರಿಯಾ ಒಳಗೆ ಬರುವುದು ಹೀಗೆಯೇ.

ಗಂಟಲಿನದ್ದು ಸ್ವಲ್ಪ ಬೇರೆ ಲೆಕ್ಕ. ಜ್ವರ, ನುಂಗಲಾರದ ನೋವು, ಕತ್ತಿನಲ್ಲಿ ಗಂಟು, ಟಾನ್ಸಿಲ್ ಮೇಲೆ ಬಿಳಿ ಕೀವು ಇದ್ದು, ಕೆಮ್ಮು ನೆಗಡಿ ಇಲ್ಲದಿದ್ದರೆ ಸ್ಟ್ರೆಪ್ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಗಂಟಲಿನ ಸ್ವಾಬ್ ಪರೀಕ್ಷೆ ಮಾಡಿದರೆ ತಿಳಿಯುತ್ತದೆ.

ಉಸಿರಾಡಲು ಕಷ್ಟ, ಎದೆನೋವು, ಮಾತು ತಡಬಡಿಸುವುದು ಕಂಡರೆ ದಿನ ಎಣಿಸುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ನಿಮಗೆ ಅಂಥದ್ದೇನೂ ಇಲ್ಲ ಅಲ್ವಾ? ಹಾಗಿದ್ದರೆ ಇನ್ನೊಂದು ಐದು ದಿನ ನೋಡಿ. ಡಾಕ್ಟರ ಹತ್ತಿರ ಹೋಗಲೇಬೇಕಾದರೆ, ಜ್ವರ ಯಾವತ್ತು ಬಂತು, ಯಾವತ್ತು ಬಿಟ್ಟಿತು, ಮತ್ತೆ ಯಾವತ್ತು ಏರಿತು ಅನ್ನುವುದನ್ನು ಬರೆದುಕೊಂಡು ಹೋಗಿ.