ತರಬೇತಿ ಶಾಲೆಯೂ ಕಲಿಯಬೇಕಾದರೆ: ಬಣ್ಣ ಹಚ್ಚಿದ ಬೆಣೆಯ ಅನುಭವ

ನೀವು ಕೇಳಿದ್ದು: ಸೇನಾ ತರಬೇತಿ ಕೇಂದ್ರದಲ್ಲಿ ಬೋಧಕನಾಗಿದ್ದೇನೆ, ಬ್ಯಾಚ್ ಬದಲಾದರೂ ಅದದೇ ತಪ್ಪು ಮರುಕಳಿಸುತ್ತದೆ, ಹುಡುಗರ ಜೊತೆ ಸಂಸ್ಥೆಯೂ ಕಲಿಯುವಂತೆ ಮಾಡುವುದು ಹೇಗೆ ಅಂತ. ನಾನು ನೌಕಾಪಡೆಯಿಂದ ನಿವೃತ್ತನಾಗಿ ಈಗ ಕಾರವಾರದಲ್ಲಿದ್ದೇನೆ. ಸೇವೆಯ ಕೊನೆಯ ವರ್ಷಗಳಲ್ಲಿ ನಾನೂ ಬೋಧಕನಾಗಿದ್ದೆ. ಕಂಡದ್ದನ್ನೇ ಹೇಳುತ್ತೇನೆ.

ಹಡಗಿಗೆ ತೂತು ಬಿದ್ದಾಗ ಮರದ ಬೆಣೆ ಬಡಿದು ನೀರು ತಡೆಯುವುದನ್ನು ಡ್ಯಾಮೇಜ್ ಕಂಟ್ರೋಲ್ ಡ್ರಿಲ್‌ನಲ್ಲಿ ಕಲಿಸುತ್ತೇವೆ. ಕಬ್ಬಿಣದ ಕೋಣೆ, ಗೋಡೆಯಲ್ಲಿ ಬೇಕೆಂದೇ ಬಿಟ್ಟ ಬಿರುಕುಗಳು, ಪಂಪಿನಿಂದ ನುಗ್ಗುವ ನೀರು. ನಾನಿದ್ದ ಶಾಲೆಯಲ್ಲಿ ಬೆಣೆಗಳು ಬಡಿದಷ್ಟೂ ಜಾರಿ ಹೊರಬರುತ್ತಿದ್ದವು. ಎರಡು ಮೂರು ಬ್ಯಾಚ್ ಹೀಗೇ ಆಯಿತು. ಸುತ್ತಿಗೆ ಹಿಡಿಯಲು ಬಾರದವರು ಎಂದು ಹುಡುಗರನ್ನೇ ಬೈದೆವು. ಒಂದು ದಿನ ಮೊಣಕಾಲುದ್ದ ನೀರಲ್ಲಿ ನಿಂತಿದ್ದ ಹುಡುಗನೊಬ್ಬ, ನಮ್ಮ ಅಂಕೋಲಾ ಕಡೆಯ ಮೀನುಗಾರರ ಮನೆಯವನು, ಜಾರಿ ಬಿದ್ದ ಬೆಣೆ ಎತ್ತಿಕೊಂಡು ಉಗುರಿನಿಂದ ಕೆರೆದ. ಕೆಂಪು ಬಣ್ಣ ಸಿಪ್ಪೆಯಂತೆ ಎದ್ದಿತು. "ಪೇಂಟ್ ಹೊಡೆದಿದ್ದಾರೆ ಸರ್. ಮರ ನೀರು ಕುಡಿದು ಉಬ್ಬಿದರಲ್ಲವೇ ಕಚ್ಚಿಕೊಳ್ಳುವುದು?"

ತಪಾಸಣೆಗೆ ಚಂದ ಕಾಣಲಿ ಎಂದು ಯಾರೋ ಬಳಿಸಿದ್ದರು. ಬೆಣೆಗೆ ಬಣ್ಣ ಹಚ್ಚಬಾರದೆಂಬುದು ನಮ್ಮ ಪಾಠದಲ್ಲೂ ಇದ್ದದ್ದೇ. ಮರುದಿನವೇ ಬೆಣೆಗಳನ್ನು ಬದಲಿಸಿದೆವು, ಆದರೆ ಎಲ್ಲೂ ಬರೆದಿಡಲಿಲ್ಲ. ನನಗೆ ವರ್ಗವಾಯಿತು. ಎರಡು ವರ್ಷ ಬಿಟ್ಟು ಏನೋ ಕೆಲಸಕ್ಕೆ ಅಲ್ಲಿಗೆ ಹೋದರೆ ಕಪಾಟಿನ ತುಂಬ ಮತ್ತೆ ಕೆಂಪು ಬೆಣೆಗಳು! ಆ ಹೊತ್ತಿನ ಸಂಕಟ ಇನ್ನೂ ಹೋಗಿಲ್ಲ.

'ಕಲಿಯುವ ಸಂಸ್ಥೆ' ಎಂಬ ಮಾತನ್ನು 1990ರಲ್ಲಿ ಅಮೆರಿಕದ ಮ್ಯಾನೇಜ್‌ಮೆಂಟ್ ಚಿಂತಕ ಪೀಟರ್ ಸೆಂಗೆ ಜನಪ್ರಿಯಗೊಳಿಸಿದರು. ಸೇನೆಯಲ್ಲಿ ಅದರ ತಿರುಳು ಮೊದಲೇ ಇತ್ತು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಫೋರ್ಟ್ ಇರ್ವಿನ್ ಮರುಭೂಮಿಯಲ್ಲಿ ಅಮೆರಿಕದ ಭೂಸೇನೆ ಅಣಕು ಯುದ್ಧ ಮುಗಿದ ಕೂಡಲೇ ಎಲ್ಲರನ್ನೂ ಕೂರಿಸಿ ಕೇಳುತ್ತಿತ್ತು: ಏನಾಗಬೇಕಿತ್ತು, ಏನಾಯಿತು, ಯಾಕಾಯಿತು, ಮುಂದೇನು ಮಾಡೋಣ? ಆಫ್ಟರ್ ಆ್ಯಕ್ಷನ್ ರಿವ್ಯೂ ಎಂದರೆ ಇದೇ. ಹಾಗೆ ಸಿಕ್ಕ ಪಾಠಗಳನ್ನು ಕಲೆಹಾಕಿ ಉಳಿದ ಪಡೆಗಳಿಗೆ ಮುಟ್ಟಿಸಲು 1985ರಲ್ಲಿ ಫೋರ್ಟ್ ಲೆವೆನ್‌ವರ್ತ್‌ನಲ್ಲಿ ಪ್ರತ್ಯೇಕ ಕೇಂದ್ರವನ್ನೇ ತೆರೆದರು. ಡ್ರಿಲ್ ಮುಗಿದ ಮೇಲೆ ಕೂತು ಮಾತಾಡುವುದು ನಮ್ಮ ಶಾಲೆಯಲ್ಲೂ ಇತ್ತು. ಆ ಮಾತನ್ನು ಮುಂದಿನವರಿಗೆ ದಾಟಿಸುವುದರಲ್ಲೇ ನಾವು ಎಡವಿದ್ದು.

ಹೀಗೆ ಎಲ್ಲರನ್ನೂ ಕೂರಿಸಿ ಮಾತಾಡಿಸಿದರೆ ಶಿಸ್ತು ಸಡಿಲವಾಗುತ್ತದೆ ಎಂದು ನಿಮ್ಮ ಮೇಲಿನವರು ಹೇಳಬಹುದು. ಆಗುವುದಿಲ್ಲ. ಡ್ರಿಲ್ ನಡೆಯುವಾಗ ಆಜ್ಞೆ ಆಜ್ಞೆಯೇ. ಮುಗಿದ ಮೇಲಿನ ಹೊತ್ತೇ ಬೇರೆ. ಇಲ್ಲಿನ ಬೈತಖೋಲ ಬಂದರಿನಲ್ಲಿ ಬಲೆ ಹರಿದು ಬಂದ ಸಂಜೆ ದೋಣಿ ನಡೆಸುವ ತಾಂಡೇಲನೂ ಹೊಸ ಹುಡುಗನೂ ಒಂದೇ ಬಲೆ ಹೊಲಿಯುತ್ತ, ಅದು ಎಲ್ಲಿ ಬಂಡೆಗೆ ಸಿಕ್ಕಿತೆಂದು ಮಾತಾಡುತ್ತಾರೆ. ಮರುದಿನ ಕಡಲಲ್ಲಿ ತಾಂಡೇಲನ ಮಾತನ್ನು ಯಾರೂ ಮೀರುವುದಿಲ್ಲ.

ಹಾಗಾಗಿ ಡ್ರಿಲ್ ಮುಗಿದು ಕೂತಾಗ ಮೊದಲು ನಿಮ್ಮದೇ ಒಂದು ತಪ್ಪು ಹೇಳಿ, ಆಮೇಲೆ ಎಲ್ಲರಿಗಿಂತ ಕಿರಿಯನಿಗೆ ಬಾಯಿ ಬಿಡಲು ಬಿಡಿ. ಅಲ್ಲಿ ಆಡಿದ ಮಾತು ಯಾರ ಅಂಕಪಟ್ಟಿಗೂ ಹೋಗಕೂಡದು. ಒಮ್ಮೆ ಹೋದರೆ ಸಾಕು, ಮುಂದಿನ ಬ್ಯಾಚ್ ತುಟಿ ಬಿಚ್ಚುವುದಿಲ್ಲ. ಸಿಕ್ಕ ಪಾಠವನ್ನು ಆ ವಾರವೇ ಲೆಸನ್ ಪ್ಲಾನ್‌ಗೆ ಸೇರಿಸಿ. ವರ್ಗವಾಗಿ ಹೋಗುವವನು, ಬರುವವನು ಇಬ್ಬರೂ ಅದರ ಕೆಳಗೆ ಸಹಿ ಹಾಕಲಿ. ನಾನು ಆ ಶಾಲೆ ಬಿಡುವಾಗ ಬರೆಯಬೇಕಿದ್ದದ್ದು ಒಂದೇ ಸಾಲು: "ಬೆಣೆಗೆ ಬಣ್ಣ ಬೇಡ. ಹಚ್ಚಿದರೆ ನೀರು ಕುಡಿಯುವುದಿಲ್ಲ, ಜಾರುತ್ತದೆ."