ರೆಕಾರ್ಡಿಂಗ್‌ನಲ್ಲಿ ಗಿಟಾರ್ ತೆಳ್ಳಗೆ, ಕರ್ಕಶವಾಗಿ ಕೇಳಿಸಿದರೆ ಪಿಕಪ್ ಬದಲಿಸಬೇಕೇ?

ನೀವು ಬರೆದಿರುವುದು ಇಷ್ಟು: ಮೂರು ಸಿಂಗಲ್ ಕಾಯಿಲ್ ಪಿಕಪ್‌ಗಳಿರುವ (ಪಿಕಪ್ ಎಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಸ್ಟ್ರಾಟ್, ಅಂದರೆ ಸ್ಟ್ರಾಟೋಕ್ಯಾಸ್ಟರ್ ಮಾದರಿಯ ಎಲೆಕ್ಟ್ರಿಕ್ ಗಿಟಾರನ್ನು ಆಡಿಯೋ ಇಂಟರ್‌ಫೇಸ್ ಎಂಬ ಧ್ವನಿ ಪೆಟ್ಟಿಗೆಯ ಮೂಲಕ ಲ್ಯಾಪ್‌ಟಾಪ್‌ಗೆ ಜೋಡಿಸಿ, ಮಲಗುವ ಕೋಣೆಯಲ್ಲೇ ರೆಕಾರ್ಡ್ ಮಾಡುತ್ತಿದ್ದೀರಿ. ನಾದವನ್ನು ಬೇಕೆಂದೇ ಒರಟಾಗಿಸುವ ಡಿಸ್ಟಾರ್ಷನ್ ಹಾಕಿದ ಕೂಡಲೇ ತಗಡಿನ ಡಬ್ಬಿಯೊಳಗೆ ದುಂಬಿ ಸಿಕ್ಕಿಕೊಂಡಂತೆ ಕೇಳಿಸುತ್ತದೆ. ಅದರ ಹಿಂದೆ ಒಂದೇ ಸಮನೆ ಗುಂಯ್ ಎನ್ನುವ ಸದ್ದೂ ಇದೆ. ನಲವತ್ತು ಸಾವಿರ ರೂಪಾಯಿ ಎತ್ತಿಟ್ಟಿದ್ದೀರಿ. ಅದರಲ್ಲಿ ಗುಂಯ್ ಸದ್ದನ್ನು ಅಳಿಸುವ ಎರಡು ಸುರುಳಿಯ ಹಂಬಕರ್ ಪಿಕಪ್ ಹಾಕಿಸುವುದೋ, ಗಿಟಾರನ್ನೇ ಬದಲಿಸುವುದೋ, ಹಾಡಿಗೆ ಜೊತೆ ಕೊಡಲು ಒಂದು ಅಕೌಸ್ಟಿಕ್ ಕೊಳ್ಳುವುದೋ ಎಂಬುದು ನಿಮ್ಮ ಪ್ರಶ್ನೆ.

ಸದ್ಯಕ್ಕೆ ಪಿಕಪ್ಪಿಗೆ ಕೈ ಹಾಕಬೇಡಿ. ನೀವು ಹೇಳಿದ ಎರಡು ತೊಂದರೆಗಳಲ್ಲಿ ಮೊದಲನೆಯದಕ್ಕೂ ಪಿಕಪ್ಪಿಗೂ ಬಹುತೇಕ ಸಂಬಂಧವಿಲ್ಲ. ಎರಡನೆಯದರಲ್ಲಿ ಅದರ ಪಾಲು ಅರ್ಧ ಮಾತ್ರ.

ಎಲೆಕ್ಟ್ರಿಕ್ ಗಿಟಾರಿನ ನಾದ ಎಂದು ನಾವು ಕೇಳುತ್ತಾ ಬೆಳೆದದ್ದರಲ್ಲಿ ಬಹುಪಾಲು ಸ್ಪೀಕರಿನದು. ಗಿಟಾರ್ ಆಂಪ್‌ನ (ಆಂಪ್ಲಿಫೈಯರ್) 12 ಇಂಚಿನ ಸ್ಪೀಕರ್ ಸುಮಾರು 5,000 ಹರ್ಟ್ಸ್ ದಾಟಿದ ಮೇಲೆ ಧ್ವನಿಯನ್ನು ಕಡಿದಾಗಿ ಇಳಿಸಿಬಿಡುತ್ತದೆ. ಡಿಸ್ಟಾರ್ಷನ್ ಹುಟ್ಟಿಸುವ ಚೂಪಾದ ಉಪಸ್ವರಗಳೆಲ್ಲ ಅಲ್ಲಿಯೇ ಉದುರಿ, ನಮ್ಮ ಕಿವಿಗೆ ದಪ್ಪನೆಯ ಹದವಾದ ನಾದ ಮಾತ್ರ ತಲುಪುತ್ತದೆ. ನಿಮ್ಮ ಹೆಡ್‌ಫೋನ್ ಹಾಗಲ್ಲ, ಅದು 20,000 ಹರ್ಟ್ಸ್‌ವರೆಗೂ ಏನು ಕೊಟ್ಟರೂ ನುಡಿಸುತ್ತದೆ. ಆದ್ದರಿಂದ ಸ್ಪೀಕರ್ ಕ್ಯಾಬಿನೆಟ್ ಇಲ್ಲದೆ ನೇರವಾಗಿ ರೆಕಾರ್ಡ್ ಮಾಡಿದ ಡಿಸ್ಟಾರ್ಷನ್ ಯಾವ ಗಿಟಾರಿನಿಂದ ಬಂದರೂ, ಎಷ್ಟೇ ದುಬಾರಿ ಪಿಕಪ್‌ನಿಂದ ಬಂದರೂ, ದುಂಬಿಯ ಸದ್ದಾಗಿಯೇ ಕೇಳಿಸುತ್ತದೆ. ಇದಕ್ಕೆ ಮದ್ದು ಇಂಪಲ್ಸ್ ರೆಸ್ಪಾನ್ಸ್, ರೂಢಿಯ ಮಾತಿನಲ್ಲಿ ಐಆರ್. ಒಂದು ನಿಜವಾದ ಕ್ಯಾಬಿನೆಟ್ಟಿನ ಮುಂದೆ ಮೈಕ್ ಇಟ್ಟು, ಆ ಸ್ಪೀಕರ್ ಮತ್ತು ಮೈಕ್ ಸೇರಿ ಧ್ವನಿಯನ್ನು ಹೇಗೆ ತಿದ್ದುತ್ತವೆ ಎಂಬುದನ್ನು ಹಿಡಿದಿಟ್ಟ ಚಿಕ್ಕ ಆಡಿಯೋ ಫೈಲ್ ಅದು. ಲ್ಯಾಪ್‌ಟಾಪ್‌ನಲ್ಲೇ ಆಂಪ್‌ನ ಕೆಲಸ ಮಾಡುವ ನ್ಯೂರಲ್ ಆಂಪ್ ಮಾಡೆಲರ್ ಎಂಬ ಪ್ಲಗಿನ್ ಉಚಿತವಾಗಿ ಸಿಗುತ್ತದೆ, ಅದರೊಳಗೇ ಐಆರ್ ಹಾಕುವ ಜಾಗವೂ ಇದೆ. 1965ರಿಂದ ಬಳಕೆಯಲ್ಲಿರುವ ಶೂರ್ ಎಸ್‌ಎಂ57 ಮೈಕಿನಲ್ಲಿ ಹಿಡಿದ ಐಆರ್‌ಗಳು ಧಾರಾಳವಾಗಿ ಸಿಗುತ್ತವೆ, ಅಂಥ ಒಂದನ್ನು ಹಾಕಿ ಅದೇ ಸಾಲನ್ನು ಮತ್ತೆ ನುಡಿಸಿ. ಐಆರ್ ಹಾಕುತ್ತಾ, ತೆಗೆಯುತ್ತಾ ಎರಡು ಸಲ ಕೇಳಿದರೆ ನಾನು ಹೇಳುತ್ತಿರುವುದು ನಿಮ್ಮ ಕಿವಿಗೇ ಗೊತ್ತಾಗುತ್ತದೆ. ಪಿಕಪ್ ಬದಲಿಸಿದರೆ ಆಗುವ ವ್ಯತ್ಯಾಸ ಇದರ ಮುಂದೆ ತೀರಾ ಸಣ್ಣದು.

ಇನ್ನೊಂದನ್ನು ಈಗಲೇ ನೋಡಿಬಿಡಿ. ಇಂಟರ್‌ಫೇಸಿನ ಮುಂಭಾಗದಲ್ಲಿ ಇನ್‌ಸ್ಟ್ರುಮೆಂಟ್ ಎಂದೋ ಹೈ-ಜೀ (Hi-Z) ಎಂದೋ ಬರೆದ ಒಂದು ಗುಂಡಿ ಇರುತ್ತದೆ. ಅದು ಒತ್ತಿದ್ದರೆ ಒಳಬದಿಯ ಪ್ರತಿರೋಧ ಸುಮಾರು 10 ಲಕ್ಷ ಓಮ್ ಇರುತ್ತದೆ, ಇಲ್ಲದಿದ್ದರೆ ಬರೀ ಹತ್ತಾರು ಸಾವಿರ ಓಮ್. ಗಿಟಾರಿನ ಪಿಕಪ್ ಬಲು ಸೂಕ್ಷ್ಮವಾದ ಮೂಲವಾದ್ದರಿಂದ ಅಷ್ಟು ಕಡಿಮೆ ಪ್ರತಿರೋಧದ ಹೊರೆ ಬಿದ್ದಾಗ ಅದರ ಮೇಲಿನ ಸ್ವರಗಳೆಲ್ಲ ಸತ್ತುಹೋಗುತ್ತವೆ, ಮಟ್ಟವೂ ಕುಸಿಯುತ್ತದೆ. ನಾನು ಮೊದಲ ವರ್ಷ ಪೂರ್ತಿ ಈ ಗುಂಡಿಯನ್ನು ಒತ್ತದೆಯೇ ರೆಕಾರ್ಡ್ ಮಾಡಿದ್ದೆ. ಮಂಕು ನಾದಕ್ಕೆ ಪಿಕಪ್ಪೇ ಕಾರಣವೆಂದು ನಂಬಿ ಹೊಸದನ್ನು ತರಿಸಿ, ಬೆಸುಗೆ ಹಾಕಿಸಿ, ನುಡಿಸಿ ನೋಡಿದಾಗ ಮಂಕು ಹಾಗೆಯೇ ಉಳಿದಿತ್ತು. ಹಳೆಯ ಪಿಕಪ್‌ಗಳು ಈಗಲೂ ನನ್ನ ಮೇಜಿನ ಡ್ರಾಯರ್‌ನಲ್ಲಿವೆ, ಅವುಗಳಲ್ಲಿ ಯಾವ ದೋಷವೂ ಇರಲಿಲ್ಲ.

ಈಗ ಗುಂಯ್ ಸದ್ದಿನ ವಿಚಾರ. ಸಿಂಗಲ್ ಕಾಯಿಲ್ ಎಂದರೆ ಅಯಸ್ಕಾಂತದ ಸುತ್ತ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಒಂದೇ ಸುರುಳಿ. ಉಕ್ಕಿನ ತಂತಿಯ ಕಂಪನವನ್ನು ಹಿಡಿಯುವ ಹಾಗೆಯೇ ಅದು ಮನೆಯ ವಿದ್ಯುತ್ತಿನ 50 ಹರ್ಟ್ಸ್ ಕಂಪನವನ್ನೂ ಹಿಡಿಯುತ್ತದೆ. ಆದರೆ ನಮ್ಮ ಮನೆಗಳಲ್ಲಿ ಕೇಳಿಬರುವುದು ಬರೀ ಗುಂಯ್ ಅಲ್ಲ, ಅದರಲ್ಲಿ ಗರಗರ ಬೆರೆತಿರುತ್ತದೆ. ಆ ಗರಗರಕ್ಕೆ ಬಹಳ ಸಲ ಕಾರಣ ಫ್ಯಾನಿನ ರೆಗ್ಯುಲೇಟರ್. ಸರಾಗವಾಗಿ ತಿರುಗುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಪ್ರತಿ ಅಲೆಯನ್ನೂ ನಡುವೆ ಕತ್ತರಿಸಿ ಫ್ಯಾನಿನ ವೇಗ ತಗ್ಗಿಸುತ್ತದೆ. ಆ ಕತ್ತರಿಸಿದ ಚೂಪು ಅಂಚುಗಳೇ ಪಿಕಪ್ಪಿನಲ್ಲಿ ಗರಗರವಾಗಿ ಕೇಳಿಸುತ್ತವೆ. ಗಿಟಾರ್ ಕೈಯಲ್ಲಿ ಹಿಡಿದುಕೊಂಡೇ ಫ್ಯಾನನ್ನು ಪೂರ್ತಿ ವೇಗಕ್ಕೆ ತಿರುಗಿಸಿ ಕೇಳಿ, ಆಮೇಲೆ ಆರಿಸಿ ಕೇಳಿ. ಅನಂತರ ಲ್ಯಾಪ್‌ಟಾಪ್ ಚಾರ್ಜರನ್ನು ಕಿತ್ತು, ಬ್ಯಾಟರಿಯಲ್ಲಿ ನಡೆಸಿ ಕೇಳಿ. ಕೊನೆಗೆ ಕುರ್ಚಿಯಲ್ಲಿ ಕುಳಿತಂತೆಯೇ ಮೆಲ್ಲಗೆ ಒಂದು ಸುತ್ತು ತಿರುಗಿ. ಯಾವುದೋ ಒಂದು ದಿಕ್ಕಿನಲ್ಲಿ ಸದ್ದು ಹೆಚ್ಚುಕಡಿಮೆ ಮಾಯವಾಗುತ್ತದೆ, ನೆಲದ ಮೇಲೆ ಅಲ್ಲೊಂದು ಟೇಪ್ ಅಂಟಿಸಿಕೊಂಡು ರೆಕಾರ್ಡ್ ಮಾಡುವಾಗ ಅತ್ತ ಮುಖ ಮಾಡಿಯೇ ಕೂರಿ. ಗಿಟಾರಿನ ತಂತಿ ಮುಟ್ಟಿದಾಗ ಮಾತ್ರ ಸದ್ದು ತಗ್ಗುತ್ತಿದ್ದರೆ ಗೋಡೆಯ ಸಾಕೆಟ್ಟಿನ ಮೂರನೆಯ ರಂಧ್ರಕ್ಕೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ನಿಂದ ಪರೀಕ್ಷೆ ಮಾಡಿಸಿ. ಇದು ನಾದಕ್ಕಿಂತ ಹೆಚ್ಚಾಗಿ ನಿಮ್ಮ ಜೀವಕ್ಕೆ ಸಂಬಂಧಿಸಿದ್ದು, ದಯವಿಟ್ಟು ಮುಂದೂಡಬೇಡಿ.

ಇಷ್ಟಾದ ಮೇಲೂ ಸದ್ದು ಕಾಡಿದರೆ ಹಂಬಕರ್ ಮಾತು ಬರುತ್ತದೆ. ಗಿಬ್ಸನ್ ಕಂಪನಿಯಲ್ಲಿದ್ದ ಸೆತ್ ಲವರ್ ಎಂಬ ಎಂಜಿನಿಯರ್ ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಜೋಡಿಸಿ, ಅವುಗಳ ಅಯಸ್ಕಾಂತದ ಧ್ರುವಗಳನ್ನೂ ಅದಲು ಬದಲು ಮಾಡಿದರು. ಹೊರಗಿನ ವಿದ್ಯುತ್ ಸದ್ದು ಎರಡರಲ್ಲೂ ವಿರುದ್ಧವಾಗಿ ಹುಟ್ಟಿ ಪರಸ್ಪರ ಅಳಿಸಿಹೋಗುತ್ತದೆ, ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ. 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಲಾಯಿತು, 1957ರಿಂದ ಗಿಬ್ಸನ್ನಿನ ಲೆಸ್ ಪಾಲ್ ಗಿಟಾರುಗಳಲ್ಲಿ ಅದು ಬರತೊಡಗಿತು. ಆದರೆ ಸದ್ದಿನ ಜೊತೆಗೆ ಬೇರೊಂದೂ ಕಡಿಮೆಯಾಗುತ್ತದೆ. 1954ರ ಸ್ಟ್ರಾಟೋಕ್ಯಾಸ್ಟರ್‌ನಿಂದ ಇಂದಿನವರೆಗೂ ಜನ ಸಿಂಗಲ್ ಕಾಯಿಲ್ ಅನ್ನು ಬಿಡದಿರುವುದಕ್ಕೆ ಕಾರಣ ಅದರ ಗಾಜಿನಂಥ ಹೊಳಪು. ಉಗುರಿನಿಂದ ಮೀಟಿದ್ದಕ್ಕೂ ಬೆರಳಿನ ಮೆತ್ತನೆಯ ಭಾಗದಿಂದ ಮೀಟಿದ್ದಕ್ಕೂ ಇರುವ ವ್ಯತ್ಯಾಸವನ್ನು ಅದು ಮುಚ್ಚಿಡುವುದಿಲ್ಲ. ಭಾವಗೀತೆಗೆ ಹಿನ್ನೆಲೆಯಾಗಿ ಬಿಡಿ ಸ್ವರಗಳನ್ನು ನುಡಿಸುತ್ತೇನೆ ಎಂದು ಬರೆದಿದ್ದೀರಲ್ಲ, ಆ ಕೆಲಸಕ್ಕೆ ನಿಮ್ಮ ನೆಕ್ ಪಿಕಪ್ಪೇ (ಗಿಟಾರಿನ ಕುತ್ತಿಗೆಯ ಪಕ್ಕದ್ದು) ಸರಿಯಾದದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಪಿಕಪ್ ಆರಿಸುವ ಐದು ಸ್ಥಾನದ ಸ್ವಿಚ್ಚಿನ ಎರಡನೆಯ ಮತ್ತು ನಾಲ್ಕನೆಯ ಸ್ಥಾನಗಳನ್ನೂ ಕೇಳಿ ನೋಡಿ. ನಡುವಿನ ಪಿಕಪ್ಪನ್ನು ಉಲ್ಟಾ ಸುತ್ತಿರುವ ಗಿಟಾರುಗಳಲ್ಲಿ ಆ ಎರಡು ಸ್ಥಾನಗಳು ಹಂಬಕರ್‌ನಂತೆಯೇ ಸದ್ದನ್ನು ಅಳಿಸುತ್ತವೆ.

ಪಿಕಪ್ ಬದಲಿಸದೆಯೇ ಅದರ ನಾದವನ್ನು ಬದಲಿಸುವ ಸಾಧನ ಒಂದು ಸ್ಕ್ರೂಡ್ರೈವರ್. ಕೊನೆಯ ಫ್ರೆಟ್ಟಿನಲ್ಲಿ ದಪ್ಪ ತಂತಿಯನ್ನು ಒತ್ತಿ ಹಿಡಿದು, ತಂತಿಯ ತಳದಿಂದ ಪಿಕಪ್ಪಿನ ಅಯಸ್ಕಾಂತದ ತಲೆಯವರೆಗೆ ಅಳೆಯಿರಿ. ಅಲ್ಲಿ ಸುಮಾರು 2 ಮಿಲಿಮೀಟರ್, ತೆಳು ತಂತಿಯ ಕಡೆ 1.6 ಮಿಲಿಮೀಟರ್ ಇಟ್ಟು ಶುರುಮಾಡಿ. ಅಂಗಡಿಯಿಂದ ಬರುವ ಗಿಟಾರುಗಳಲ್ಲಿ ಪಿಕಪ್ ತೀರಾ ಮೇಲೆದ್ದಿರುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಹಾಗಿದ್ದಾಗ ಅಯಸ್ಕಾಂತ ತಂತಿಯನ್ನೇ ಎಳೆಯುತ್ತದೆ, ನಾದ ಬೇಗ ಅಡಗುತ್ತದೆ, ಹನ್ನೆರಡನೆಯ ಫ್ರೆಟ್ಟಿನಾಚೆ ದಪ್ಪ ತಂತಿಯಲ್ಲಿ ಒಂದೇ ಸ್ವರ ಎರಡಾಗಿ ಅಲುಗಿದಂತೆ ಕೇಳಿ ಶ್ರುತಿಯೇ ಕೂಡುವುದಿಲ್ಲ. ಅರ್ಧ ಸುತ್ತು ಇಳಿಸಿ, ನುಡಿಸಿ, ಮತ್ತೆ ಅರ್ಧ ಸುತ್ತು ಇಳಿಸಿ. ಒಂದು ಹಂತದಲ್ಲಿ ಸ್ವರ ಬಾಯಿ ತೆರೆದಂತೆ ಹರಡಿಕೊಳ್ಳುತ್ತದೆ, ಅಲ್ಲಿಗೆ ನಿಲ್ಲಿಸಿ. ಇದರ ಜೊತೆಗೆ ಗಿಟಾರಿನ ವಾಲ್ಯೂಮ್ ಗುಂಡಿಯನ್ನು ಯಾವಾಗಲೂ ಹತ್ತರಲ್ಲೇ ಇಡಬೇಡಿ. ಏಳಕ್ಕೆ ಇಳಿಸಿದರೆ ಡಿಸ್ಟಾರ್ಷನ್ ತೆಳುವಾಗಿ, ಮೀಟಿನ ಏರಿಳಿತ ಹೊರಗೆ ಬರುತ್ತದೆ. ಕೇಬಲ್ ಉದ್ದವಾದಷ್ಟೂ ಅದರ ಕೆಪಾಸಿಟೆನ್ಸ್ ಹೆಚ್ಚಿ ಮೇಲಿನ ಹೊಳಪು ಕುಗ್ಗುತ್ತದೆ, ಕೋಣೆಯಲ್ಲಿ ನುಡಿಸುವವರಿಗೆ 3 ಮೀಟರ್ ಸಾಕು.

ಮುಂದೊಂದು ದಿನ ಹಂಬಕರ್ ಬೇಕೆನಿಸಿದರೆ ಕುತ್ತಿಗೆಯಿಂದ ದೂರದ ಬ್ರಿಡ್ಜ್ ಜಾಗಕ್ಕೆ ಮಾತ್ರ ಹಾಕಿಸಿ. ಮೊದಲು ಪಿಕಪ್‌ಗಳ ಸುತ್ತಲಿನ ಪಿಕ್‌ಗಾರ್ಡ್ ಹಲಗೆಯನ್ನು ಬಿಚ್ಚಿ ಒಳಗಿನ ಮರದಲ್ಲಿ ಅಷ್ಟು ದೊಡ್ಡ ಗುಳಿ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಸಿಂಗಲ್ ಕಾಯಿಲ್ ಅಳತೆಯಲ್ಲೇ ಬರುವ ಹಂಬಕರ್ ತೆಗೆದುಕೊಳ್ಳಿ.

ಗಿಟಾರ್ ಬದಲಿಸುವ ಅಗತ್ಯ ನನಗೆ ಕಾಣುವುದಿಲ್ಲ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಶರೀರದ ಮರಕ್ಕೆ ನಾನು ಕೊನೆಯ ಸ್ಥಾನ ಕೊಡುತ್ತೇನೆ. ಸರಿಯಾಗಿ ಕೂತ ಫ್ರೆಟ್, ಜಾರದ ಟ್ಯೂನರ್, ಹೊಸ ತಂತಿಗಳೇ ಮುಖ್ಯ. ಅಕೌಸ್ಟಿಕ್ ಮಾತ್ರ ಬೇರೆಯೇ ಲೋಕ, ಅಲ್ಲಿ ಮರವೇ ಸ್ಪೀಕರ್. ಮೇಲ್ಪದರ ಪ್ಲೈವುಡ್ ಆಗಿರದೆ ಒಂದೇ ಪದರದ ಗಟ್ಟಿ ಸ್ಪ್ರೂಸ್ ಆಗಿರಬೇಕು, ಯಮಹಾ ಎಫ್‌ಜಿ800 ಅಂಥದ್ದು, ನಿಮ್ಮ ಬಜೆಟ್ಟಿನೊಳಗೇ ಬರುತ್ತದೆ. ಹಿಂಬದಿ ಮತ್ತು ಪಕ್ಕಗಳಿಗೆ ರೋಸ್‌ವುಡ್ ಇರುವ ಗಿಟಾರುಗಳನ್ನೂ ತೋರಿಸುತ್ತಾರೆ. ಆ ಮರ ನಮ್ಮ ಪಶ್ಚಿಮ ಘಟ್ಟದ ಬೀಟೆಯೇ. ಬ್ರೆಜಿಲ್‌ನ ಮರ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ಬದಲಾಯಿತು. ಮಲೆನಾಡಿನಲ್ಲಿ ಬೆಳೆದವನಾಗಿ ಆ ಸಂಗತಿ ನನಗೆ ಹೆಮ್ಮೆ ತರುತ್ತದೆ, ಆದರೂ ಬೀಟೆಗಾಗಿ ಹೆಚ್ಚು ಹಣ ಕೊಡುವ ಮೊದಲು ಮೇಲ್ಪದರ ಎಂಥದ್ದೆಂದು ವಿಚಾರಿಸಿ. ಮಳೆಗಾಲದಲ್ಲಿ ಗಿಟಾರನ್ನು ಗೋಡೆಗೆ ತೂಗುಹಾಕದೆ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಪೆಟ್ಟಿಗೆಯಲ್ಲಿಡಿ. ತೇವ ಕುಡಿದ ಮೇಲ್ಪದರ ಉಬ್ಬಿ ತಂತಿಗಳು ಮೇಲೇರುತ್ತವೆ.

ಅಕೌಸ್ಟಿಕ್ ರೆಕಾರ್ಡ್ ಮಾಡುವಾಗ ಕಂಡೆನ್ಸರ್ ಮೈಕನ್ನು ರಂಧ್ರದ ಎದುರಿಗೆ ಇಡಬೇಡಿ, ಅಲ್ಲಿ ಗುಮ್ಮೆನ್ನುವ ಮಂದ್ರ ತುಂಬಿಕೊಳ್ಳುತ್ತದೆ. ಹನ್ನೆರಡನೆಯ ಫ್ರೆಟ್ಟಿನ ಎದುರು 25 ಸೆಂಟಿಮೀಟರ್ ದೂರದಲ್ಲಿಟ್ಟು, ಬಟ್ಟೆ ತುಂಬಿದ ಅಲಮಾರಿಯ ಬಾಗಿಲು ತೆರೆದು ಅದರತ್ತ ಮುಖ ಮಾಡಿ ನುಡಿಸಿ. 24 ಬಿಟ್‌ನಲ್ಲಿ, ಅತಿ ಜೋರಿನ ಮೀಟು ಮೈನಸ್ 12 ಡೆಸಿಬೆಲ್ ಆಸುಪಾಸಿಗೆ ಬರುವಂತೆ ಗೇನ್ ಇಟ್ಟರೆ ಸಾಕು. ಎಲೆಕ್ಟ್ರಿಕ್ ನುಡಿಸುವಾಗ ಧ್ವನಿ ತಡವಾಗಿ ಬಂದಂತೆ ಅನಿಸಿದರೆ ಇಂಟರ್‌ಫೇಸ್ ತಯಾರಕರದೇ ಡ್ರೈವರ್ ಹಾಕಿ, ರೆಕಾರ್ಡಿಂಗ್ ತಂತ್ರಾಂಶದಲ್ಲಿ ಬಫರ್ ಎಂಬ ಸೆಟ್ಟಿಂಗನ್ನು 128 ಸ್ಯಾಂಪಲ್‌ಗೆ ಇಳಿಸಿ.

ನಿಮ್ಮ ಹಣವನ್ನು ನಾನಾದರೆ ಹೀಗೆ ಹಂಚುತ್ತಿದ್ದೆ: ಮೊದಲು ನುರಿತವರಿಂದ ಒಂದು ಸೆಟಪ್ (ಗಿಟಾರನ್ನು ಹದಗೊಳಿಸುವ ಕೆಲಸ) ಮತ್ತು ಹೊಸ ತಂತಿ, ಆಮೇಲೆ ಒಳ್ಳೆಯ ಹೆಡ್‌ಫೋನ್, ಏಕೆಂದರೆ ಅದು ಸುಳ್ಳು ಹೇಳಿದರೆ ನೀವು ಮಾಡುವ ತಿದ್ದುಪಡಿಗಳೆಲ್ಲ ತಪ್ಪಾಗುತ್ತವೆ, ಉಳಿದದ್ದರಲ್ಲಿ ಗಟ್ಟಿ ಮೇಲ್ಪದರದ ಅಕೌಸ್ಟಿಕ್ ಮತ್ತು ಒಂದು ಸಾಧಾರಣ ಕಂಡೆನ್ಸರ್ ಮೈಕ್. ಆಂಪ್ ಮತ್ತು ಐಆರ್ ಹಾಕುವ ಮೊದಲಿನ ಒಣ ಟ್ರ್ಯಾಕನ್ನು ಅಳಿಸಬೇಡಿ; ಅದರ ಮೇಲೆ ಬೇರೆ ಬೇರೆ ಕ್ಯಾಬಿನೆಟ್ಟುಗಳನ್ನು ಹಾಕಿ ಹೋಲಿಸಬಹುದು. ಫ್ಯಾನ್ ಆರಿಸಿ, ಇನ್‌ಸ್ಟ್ರುಮೆಂಟ್ ಗುಂಡಿ ಒತ್ತಿ, ನೆಕ್ ಪಿಕಪ್ಪಿನಲ್ಲಿ ಅರ್ಧ ನಿಮಿಷ ನುಡಿಸಿದ ಅಂಥ ಒಂದು ಒಣ ಟ್ರ್ಯಾಕನ್ನು ನನಗೆ ಕಳುಹಿಸಿದರೆ, ಪಿಕಪ್ಪಿನಲ್ಲಿ ನಿಜಕ್ಕೂ ದೋಷವಿದೆಯೇ ಎಂದು ಕೇಳಿ ಹೇಳುತ್ತೇನೆ.